‘ಬಿಟ್ಟ’ ಮತ್ತು ‘ಬಿಡಿಸಿದರು’: ‘ನಯಾ ದೌರ್’ ಚಿತ್ರದ ನೆಪದಲ್ಲಿ ಒಂದು ಪಾಠ

ಕಳೆದ ಸತ್ರದಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಬಿ. ಆರ್. ಚೋಪ್ರಾ ಅವರ ‘ನಯಾ ದೌರ್’ (1957) ಚಿತ್ರವನ್ನು ತೋರಿಸಿದೆವು. ಚಿತ್ರ ಮುಗಿದ ಮೇಲೆ ಟಾಂಗಾ ಮತ್ತು ಬಸ್ಸಿನ ಪಂದ್ಯದ ಬಗೆಗೆ, ಓ. ಪಿ. ನಯ್ಯರ್ ಅವರ ಸಂಗೀತದ ಬಗೆಗೆ ನಿರೀಕ್ಷಿಸಿದ ಮಾತುಗಳೆಲ್ಲ ಬಂದವು. ಕೊನೆಯ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ಮೊದಲಿಗೆ ಕೆಲಸ ಕಳೆದುಕೊಂಡ ಆ ಕಟ್ಟಿಗೆ ಕೊಯ್ಯುವವರು ಕೊನೆಗೆ ಏನಾದರು?” ಎಂದು ಕೇಳಿದಳು. ಈ ಚಿತ್ರವನ್ನು ನಾನು ನಾಲ್ಕೈದು ಬಾರಿಯಾದರೂ ನೋಡಿದ್ದೇನೆ. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ತಾಸು ಮುಗಿದಿದ್ದರಿಂದ ಪಾರಾದೆ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆಯುತ್ತಿರುವ ಉತ್ತರ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂದು ಊರು, ಅಲ್ಲಿ ಒಬ್ಬ ಸಹೃದಯ ಸೇಠರ ಕಟ್ಟಿಗೆಯ ಕಾರ್ಖಾನೆ. ಅರ್ಧ ಊರು ಅಲ್ಲಿ ಕೈಗರಗಸದಿಂದ ಕಟ್ಟಿಗೆ ಕೊಯ್ದು ಬದುಕುತ್ತದೆ; ಉಳಿದವರಲ್ಲಿ ಹಲವರು ದೇವಸ್ಥಾನಕ್ಕೆ ಬರುವ ಯಾತ್ರಿಕರನ್ನು ಟಾಂಗಾಗಳಲ್ಲಿ ಸಾಗಿಸಿ ಬದುಕುತ್ತಾರೆ. ಸೇಠರು ತೀರ್ಥಯಾತ್ರೆಗೆ ಹೊರಡುತ್ತಾರೆ. ಪಟ್ಟಣದಿಂದ ಬಂದ ಮಗ ಕುಂದನ್ ಯಂತ್ರದ ಗರಗಸವನ್ನು ತರುತ್ತಾನೆ; ಕೊಯ್ಯುವವರು ಬೀದಿಗೆ ಬೀಳುತ್ತಾರೆ. ಅನಂತರ ಅವನು ಬಸ್ಸನ್ನೂ ತರುತ್ತಾನೆ. ಟಾಂಗಾದವರ ಅನ್ನಕ್ಕೂ ಕುತ್ತು ಬರುತ್ತದೆ. ದಿಲೀಪ್ ಕುಮಾರ್ ಅವರು ನಟಿಸಿದ ಟಾಂಗಾವಾಲಾ ಶಂಕರ್ ಸವಾಲನ್ನು ಒಪ್ಪಿಕೊಂಡು, ಊರವರನ್ನು ಕಟ್ಟಿಕೊಂಡು ಹೊಸ ದಾರಿಯನ್ನು ನಿರ್ಮಿಸಿ, ಬಸ್ಸಿನೊಡನೆ ಪಂದ್ಯ ಕಟ್ಟಿ ಗೆಲ್ಲುತ್ತಾನೆ. ಸೇಠರು ಮರಳಿ ಬರುತ್ತಾರೆ. ಯಂತ್ರವೂ ಇರಲಿ, ಮನುಷ್ಯನ ಕೈಯೂ ಉಳಿಯಲಿ ಎಂಬ ಒಪ್ಪಂದದಲ್ಲಿ ಕಥೆ ಮುಗಿಯುತ್ತದೆ.

ಈಗ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ನಡೆಯೋಣ. ಕೆಲಸ ಕಳೆದುಕೊಂಡವರು ಕೊಯ್ಯುವವರು. ನಾಯಕನಾಗಿ ಎದ್ದುನಿಂತವನು ಟಾಂಗಾದವನು. ಈ ಬದಲಾವಣೆಯನ್ನು ಚಿತ್ರ ಎಷ್ಟು ಸಹಜವಾಗಿ ಮಾಡುತ್ತದೆಂದರೆ ನಮಗೆ ಅದು ಗೊತ್ತಾಗುವುದೇ ಇಲ್ಲ. ಟಾಂಗಾ ಶಂಕರನದು, ಕುದುರೆ ಶಂಕರನದು. ಹೀಗಾಗಿ ಅವನು ಪಂದ್ಯಕ್ಕೆ ಇಳಿಯಬಲ್ಲ. ಗರಗಸದವನಿಗೆ ಏನಿದೆ? ಗರಗಸ ಸೇಠರದು, ಕಟ್ಟಿಗೆ ಸೇಠರದು, ಛಾವಣಿಯೂ ಸೇಠರದು. ಕೂಲಿಯವನು ಯಾವ ಕುದುರೆಯನ್ನು ಹೂಡಿ ಯಾರೊಡನೆ ಓಡಬೇಕು? ಆದ್ದರಿಂದ ಕಥೆ ಅವನನ್ನು ಮೆಲ್ಲಗೆ ಜನರ ಗುಂಪಿನೊಳಗೆ ಸೇರಿಸಿ, ರಸ್ತೆ ಅಗೆಯುವ ಹಾಡಿನಲ್ಲಿ ಅವನ ಕೈಗೊಂದು ಗುದ್ದಲಿ ಕೊಟ್ಟು ಮುಂದೆ ಸಾಗುತ್ತದೆ.

ಎರಡನೆಯ ಸಂಗತಿ ಸೇಠರ ತೀರ್ಥಯಾತ್ರೆ. ಇದು ಚಿತ್ರಕಥೆಯ ಸಣ್ಣ ಅನುಕೂಲವೆಂದು ನಾನು ಬಹುಕಾಲ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವರು ಊರಲ್ಲಿದ್ದರೆ ಒಂದೋ ಜನರನ್ನು ತೆಗೆಯಬೇಕಾಗಿತ್ತು, ಇಲ್ಲವೆ ಮಗನನ್ನು ತಡೆಯಬೇಕಾಗಿತ್ತು. ಎರಡೂ ಕಷ್ಟ. ಆದ್ದರಿಂದ ಅವರನ್ನು ಪುಣ್ಯ ಸಂಪಾದನೆಗೆ ಕಳಿಸಿ, ಪಾಪದ ಕೆಲಸವನ್ನು ಕುಂದನನ ಕೈಯಿಂದ ಮಾಡಿಸಲಾಗಿದೆ. ಕುಂದನನಾದರೂ ತಾನೇ ಮಾಡಿದೆನೆಂದು ಒಪ್ಪುವನೆ? ಅವನ ವಾದದಲ್ಲಿ ಜನರನ್ನು ತೆಗೆದದ್ದು ಯಂತ್ರ, ಲಾಭ, ಹೊಸ ಕಾಲ. ಚಿತ್ರದ ಹೆಸರೂ ಅದೇ ಅಲ್ಲವೆ! ಕೊನೆಗೆ ಹೊಣೆಯ ಭಾರವೆಲ್ಲ ಬಂದು ಬೀಳುವುದು ಕೆಲಸ ಕಳೆದುಕೊಂಡವರ ಹೆಗಲ ಮೇಲೆ. ಬದುಕುವ ಹಕ್ಕು ತಮಗಿದೆಯೆಂದು ಅವರು ಓಟದಲ್ಲಿ ಗೆದ್ದು ತೋರಿಸಬೇಕು. ಶಂಕರನ ಕುದುರೆ ಮುಗ್ಗರಿಸಿದ್ದರೆ ನ್ಯಾಯ ಬದಲಾಗುತ್ತಿತ್ತೆ? ಚಿತ್ರ ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಚಿತ್ರ ಕೀಳೆಂದು ಭಾವಿಸಬೇಡಿ. ಕೆಲಸ ಕಡಿತದ ವಿಷಯವನ್ನು ಜನಸಾಮಾನ್ಯರ ಮನೆಮಾತಾಗುವಷ್ಟು ಸರಸವಾಗಿ ಹೇಳಿದ ಚಿತ್ರಗಳು ನಮ್ಮಲ್ಲಿ ಬಹಳ ಇಲ್ಲ. ಅದು ಜಾರಿಸಿದ್ದನ್ನು ನಾವೂ ದಿನನಿತ್ಯ ಜಾರಿಸುತ್ತೇವೆ ಎಂಬುದೇ ನನ್ನ ಮಾತು. ನಾವು ಜಾರಿಸುವುದು ವ್ಯಾಕರಣದ ಮೂಲಕ.

ನನ್ನ ಊರು ಕುರನೂರ. ಬೋರಿ ನದಿಯ ಅಣೆಕಟ್ಟಿನಿಂದಾಗಿ ಈ ಹೆಸರು ಈಗ ಹಲವರಿಗೆ ಗೊತ್ತು. ನನ್ನ ಬಾಲ್ಯದಲ್ಲಿ ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಿಗೆ ಸೊಲ್ಲಾಪುರವೆಂದರೆ ಗಿರಣಿ. ಮಳೆ ಕೈಕೊಟ್ಟ ವರ್ಷ ಮನೆಗೊಬ್ಬ ಗಂಡಸು ಸೊಲ್ಲಾಪುರದ ಹಾದಿ ಹಿಡಿಯುತ್ತಿದ್ದ. ನನ್ನ ಸೋದರಮಾವ ಹಾಗೆ ಹೋದವರು. ಒಂದು ಗಿರಣಿಯ ಸಾಂಚಾ ಖಾತೆಯಲ್ಲಿ ಅವರಿಗೆ ಕೆಲಸ. ಅಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ನಾಲ್ಕೂ ಮಾತಾಡುತ್ತಿದ್ದರು. ಲೆಕ್ಕವನ್ನು ಮಾತ್ರ ಕನ್ನಡದಲ್ಲೇ ಮಾಡುತ್ತಿದ್ದರು. ಒಂದು ದೀಪಾವಳಿಯ ಮುಂದೆ ಅವರು ಕಬ್ಬಿಣದ ಪೆಟ್ಟಿಗೆಯೊಡನೆ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಊರಿನವರು “ನಿಮ್ಮ ಮಾಮಾ ಗಿರಣಿ ಬಿಟ್ಟಾನಂತ” ಎಂದು ನನ್ನನ್ನು ಕೇಳುತ್ತಿದ್ದರು. ಒಮ್ಮೆ ಅತ್ತೆಯ ಮುಂದೆಯೇ ಯಾರೋ ಈ ಮಾತನ್ನಾಡಿದರು. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರವನ್ನು ಕೆಳಗಿಟ್ಟು, “ಬಿಟ್ಟಿಲ್ರಿ, ಬಿಡಿಸ್ಯಾರ” ಎಂದರು. ಮತ್ತೆ ಮೊರವನ್ನೆತ್ತಿಕೊಂಡರು.

ವ್ಯಾಕರಣ ಪಾಠದಲ್ಲಿ ನಾವು ಪ್ರೇರಣಾರ್ಥಕ ಪ್ರತ್ಯಯವನ್ನು ಕಲಿಯುತ್ತೇವೆ: ಮಾಡು – ಮಾಡಿಸು, ಓಡು – ಓಡಿಸು, ಬಿಡು – ಬಿಡಿಸು. ಪರೀಕ್ಷೆಗೆ ಎರಡು ಅಂಕ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ‘ಇಸು’ ಎಂಬಷ್ಟು ಸಣ್ಣ ಪ್ರತ್ಯಯದಲ್ಲಿ ಗಂಡನ ಮಾನ ಅಡಗಿದೆ ಎಂಬುದು ಅವರಿಗೆ ತಿಳಿದಿತ್ತು. ‘ಬಿಟ್ಟ’ ಎಂದರೆ ಕರ್ತೃ ಮಾವ. ಸೋಮಾರಿಯೋ ಜಗಳಗಂಟನೋ ಆಗಿರಬೇಕೆಂದು ಊರು ತಿಳಿಯುತ್ತದೆ. ‘ಬಿಡಿಸಿದರು’ ಎಂದರೆ ಬೇರೊಬ್ಬ ಕರ್ತೃ ಇದ್ದಾನೆ, ಅವನನ್ನು ಹುಡುಕಬೇಕಾಗುತ್ತದೆ. ಮರಾಠಿಯಲ್ಲಿ ಇದಕ್ಕೆ ಇನ್ನೊಂದು ಕ್ರಿಯಾಪದದ ಸಹಾಯ ಬೇಕು: ‘ಸೋಡಲಂ’ ಮತ್ತು ‘ಸೋಡಾಯಲಾ ಲಾವಲಂ’. ಮರಾಠಿ ಮತ್ತು ಕನ್ನಡ ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದು ಕಲಿತ ನನಗೆ, ಕನ್ನಡ ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಭೇದವನ್ನು ಕೊಡುತ್ತದೆಯಲ್ಲ ಎಂದು ಇಂದಿಗೂ ಬೆರಗು.

ಇನ್ನೂ ಕೆಲವು ವಾಕ್ಯಗಳನ್ನು ಗಮನಿಸಿರಿ. ‘ಕೆಲಸ ಹೋಯಿತು’ – ಇಲ್ಲಿ ಕೆಲಸವೇ ಕರ್ತೃ. ಅದು ತಾನೇ ಎದ್ದು ನಡೆದುಹೋದಂತೆ. ‘ಗಿರಣಿ ಮುಚ್ಚಿತು’ – ಬಾಗಿಲು ಗಾಳಿಗೆ ಮುಚ್ಚಿಕೊಂಡಂತೆ. ‘ಮುಚ್ಚು’ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಆದ್ದರಿಂದ ಈ ಮರೆವು ಕನ್ನಡದಲ್ಲಿ ಸುಲಭ. ‘ಗಿರಣಿಯನ್ನು ಮುಚ್ಚಿದರು’ ಎಂದು ದ್ವಿತೀಯಾ ವಿಭಕ್ತಿ ಹಚ್ಚಿದೊಡನೆ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಸೊಲ್ಲಾಪುರದ ಮರಾಠಿಯಲ್ಲಿ ‘ಗಿರಣೀ ಬಂದ ಪಡಲೀ’ ಎನ್ನುತ್ತಾರೆ; ಗಿರಣಿ ಬಂದ್ ಆಗಿ ‘ಬಿದ್ದಿತು’. ಮಳೆ ಬಿದ್ದಂತೆ, ಬರ ಬಿದ್ದಂತೆ.

ಈ ‘ಬಿದ್ದಿತು’ ನಿಜವೇ ಎಂದು ಪರೀಕ್ಷಿಸಲು ಸೊಲ್ಲಾಪುರದ ಒಂದು ಹಳೆಯ ಪ್ರಕರಣ ನಮಗೆ ನೆರವಾಗುತ್ತದೆ. ಇಲ್ಲಿಯ ಮೊದಲ ಗಿರಣಿ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯದು, 1877ರಲ್ಲಿ ಸ್ಥಾಪನೆಯಾದದ್ದು. ಜನ ಅದನ್ನು ‘ಜುನಿ ಮಿಲ್’ ಎಂದೇ ಕರೆಯುತ್ತಾರೆ. 1949ರ ಜುಲೈ 27ರಂದು ಅದರ ನಿರ್ದೇಶಕರು ಗಿರಣಿಯನ್ನು ಮುಚ್ಚುವುದಾಗಿ ಕಾರ್ಮಿಕರಿಗೆ ನೋಟೀಸು ಕೊಟ್ಟರು. ಆಗಸ್ಟ್ 27ರಂದು ಮುಚ್ಚಿದರು. ಕೇಂದ್ರ ಸರ್ಕಾರ 1950ರ ಜನವರಿ 9ರಂದು ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ವರ್ಷ ಸಂಸತ್ತು ಅದನ್ನು ಕಾಯ್ದೆಯಾಗಿಸಿತು. ಒಂದೇ ಗಿರಣಿಗಾಗಿ ಒಂದು ಕಾಯ್ದೆ! ನಮ್ಮ ಪಾಠಕ್ಕೆ ಅದರ ಪೀಠಿಕೆ ಮುಖ್ಯ. ಗಿರಣಿ ತಾನಾಗಿ ಬಿದ್ದಿತೆಂದು ಅದು ಹೇಳುವುದಿಲ್ಲ. ಆಡಳಿತದ ಅವ್ಯವಸ್ಥೆ ಮತ್ತು ನಿರ್ಲಕ್ಷ್ಯದಿಂದ ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆಯಾಯಿತು, ತೀವ್ರ ನಿರುದ್ಯೋಗ ಉಂಟಾಯಿತು ಎಂಬುದು ಅದರ ಆಶಯ. ಕಾಯ್ದೆ ಇಲ್ಲಿ ನಮ್ಮ ಅತ್ತೆಯ ಹಾಗೆ ಮಾತಾಡಿದೆ.

ಆದರೆ ಮುಂದಿನ ಕಥೆ ಬೇರೆ. ಈ ಕಾಯ್ದೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದವರು ಇಬ್ಬರು, ಇಬ್ಬರೂ ಷೇರುದಾರರು. ಚಿರಂಜಿತ್ ಲಾಲ್ ಚೌಧುರಿ ಅವರ ಅರ್ಜಿ 1950ರ ಡಿಸೆಂಬರಿನಲ್ಲಿ ತಿರಸ್ಕೃತವಾಯಿತು. ದ್ವಾರಕಾದಾಸ್ ಶ್ರೀನಿವಾಸ್ ಅವರ ಪ್ರಕರಣದಲ್ಲಿ, 1953ರ ಡಿಸೆಂಬರಿನಲ್ಲಿ, ಪರಿಹಾರವಿಲ್ಲದೆ ಆಸ್ತಿಯನ್ನು ಕಿತ್ತುಕೊಂಡಂತಾಯಿತೆಂದು ನ್ಯಾಯಾಲಯ ಕಾಯ್ದೆಯನ್ನು ಅಸಿಂಧುವೆಂದಿತು. ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ (1955) ಕಾರಣವಾದ ತೀರ್ಪುಗಳಲ್ಲಿ ಇದೂ ಒಂದು. ಕಾನೂನಿನ ವಿದ್ಯಾರ್ಥಿಗಳು ಇವೆರಡನ್ನೂ ಇಂದಿಗೂ ಓದುತ್ತಾರೆ, ಸೊಲ್ಲಾಪುರದ ಹೆಸರು ಅವರ ಬಾಯಲ್ಲಿ ಉಳಿದಿದೆ. ಷೇರು ಉಳ್ಳವನಿಗೆ ಅದು ಆಸ್ತಿ. ಆಸ್ತಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು. ಸಾಂಚಾದ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಆ ಕೆಲಸ ಏನಾಗಿತ್ತು? ಕಾಯ್ದೆಯ ಪೀಠಿಕೆಯಲ್ಲಿ ‘ನಿರುದ್ಯೋಗ’ ಎಂಬ ಒಂದು ಭಾವನಾಮವಾಗಿ ಅವನು ಕಾಣಿಸಿಕೊಂಡ, ಅಷ್ಟೆ. ‘ನಯಾ ದೌರ್’ ಚಿತ್ರದ ಗರಗಸದವನು ಗುಂಪಿನಲ್ಲಿ ಕರಗಿದ್ದನ್ನು ನೆನೆಯಿರಿ. ಟಾಂಗಾ ಉಳ್ಳವನು ಪಂದ್ಯಕ್ಕೆ ಇಳಿದ, ಷೇರು ಉಳ್ಳವನು ನ್ಯಾಯಾಲಯಕ್ಕೆ ಹೋದ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1947ರ ಔದ್ಯೋಗಿಕ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿದ ಅಧ್ಯಾಯ ಕೂಲಿಯವನನ್ನು ಸ್ವಲ್ಪ ಮುಂದಕ್ಕೆ ತಂದಿತು. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾ ಸಾಮಗ್ರಿ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿದ್ದರೆ ಅರ್ಧ ಸಂಬಳ. ಪೂರ್ತಿ ತೆಗೆಯುವುದಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟೀಸು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ. ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೋಗಬೇಕು ಎಂಬ ಕ್ರಮ. ಸಂಸತ್ತು 2020ರಲ್ಲಿ ಈ ಕಾಯ್ದೆಯ ಬದಲಿಗೆ ಹೊಸ ಸಂಹಿತೆಯನ್ನು ಅಂಗೀಕರಿಸಿದೆ. ಅದರ ಚರ್ಚೆ ಇಲ್ಲಿ ಬೇಡ. ಹಳೆಯ ಕಾಯ್ದೆಯ ಒಂದು ಪದಪುಂಜ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕೆಲಸ ಕಡಿತವೆಂದರೆ ಶಿಸ್ತಿನ ಶಿಕ್ಷೆಯಾಗಿ ಅಲ್ಲದೆ ಬೇರೆ ಯಾವುದೇ ಕಾರಣಕ್ಕೆ ಸೇವೆಯನ್ನು ಕೊನೆಗೊಳಿಸುವುದು ಎಂದು ಅದು ವ್ಯಾಖ್ಯಾನಿಸುತ್ತದೆ. ಅಂದರೆ ತಪ್ಪು ನಿನ್ನದಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೂ ಊರಿಗೆ ಬಂದವನು ತಪ್ಪು ಮಾಡಿದವನಂತೆ ಕಟ್ಟೆಯ ಮೇಲೆ ಕುಳಿತವರ ಕಣ್ಣು ತಪ್ಪಿಸಿ ನಡೆಯುತ್ತಾನೆ.

ಅದೇಕೆ ಎಂದರೆ, ನಮ್ಮ ಕಡೆ ಕೆಲಸವೆಂದರೆ ಬರಿಯ ಸಂಬಳವಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ನೆಲ ಇದು. ವಚನಕಾರರ ‘ಕಾಯಕ’ ಪದ ಇಲ್ಲಿ ಪಠ್ಯದಿಂದಲ್ಲ, ಅಜ್ಜಿಯ ಬಾಯಿಂದ ಬರುತ್ತದೆ. ನುಲಿಯ ಚಂದಯ್ಯನ ಪ್ರಸಂಗವನ್ನು ನೀವು ‘ಶೂನ್ಯಸಂಪಾದನೆ’ಯಲ್ಲಿ ಓದಿದ್ದೀರಿ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿದ್ದರೂ ಚಂದಯ್ಯ ಕಾಯಕವನ್ನು ನಿಲ್ಲಿಸಲಿಲ್ಲ. ಕಾಯಕದ ನಿಯಮದಿಂದ ಲಿಂಗಕ್ಕೂ ವಿನಾಯಿತಿ ಇಲ್ಲವೆಂದ. ಇದನ್ನು ಪಾಠ ಮಾಡುವಾಗಲೆಲ್ಲ ನಾನು ಕಾಯಕದ ಮಹಿಮೆಯನ್ನು ಹೇಳಿ ಮುಂದೆ ಹೋಗುತ್ತಿದ್ದೆ. ಈಗ ಒಂದು ಅನುಮಾನ ಕಾಡುತ್ತದೆ. ಚಂದಯ್ಯನ ಹುಲ್ಲು ಕೆರೆಯ ದಂಡೆಯಲ್ಲಿ ಬೆಳೆಯುತ್ತಿತ್ತು, ಹಗ್ಗ ಹೊಸೆಯುವ ಕೈ ಅವನದೇ. ಅವನ ಕಾಯಕಕ್ಕೆ ಬೀಗ ಹಾಕುವವರಿರಲಿಲ್ಲ. ಗಿರಣಿಗೆ ಗೇಟು ಇದೆ, ಗೇಟಿಗೆ ಕೀಲಿಯಿದೆ, ಕೀಲಿ ಬೇರೆಯವರ ಕೈಯಲ್ಲಿದೆ. ಕಾಯಕವೇ ಬಾಳಿನ ಅರ್ಥವೆಂದು ನಂಬಿದವನ ಕಾಯಕವನ್ನು ಇನ್ನೊಬ್ಬ ನಿಲ್ಲಿಸಬಲ್ಲನಾದರೆ, ನಿಲ್ಲಿಸಿದವನ ಹೊಣೆ ಹದಿನೈದು ದಿನದ ಲೆಕ್ಕದಲ್ಲಿ ತೀರುವುದೆ? ಹನ್ನೆರಡನೆಯ ಶತಮಾನಕ್ಕೆ ಈ ಪ್ರಶ್ನೆ ಎದುರಾಗಿರಲಿಲ್ಲ. ನಮಗೆ ಎದುರಾಗಿದೆ.

ಮಾಲೀಕನ ಪಕ್ಷವೂ ಇದೆ. ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ಹತ್ತಿಯ ದರ, ಸಾಲ – ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ನಿಂತುಹೋದದ್ದಕ್ಕೆ ಒಬ್ಬನೇ ಖಳನಾಯಕನನ್ನು ತೋರಿಸಲಾಗದು. ಜುನಿ ಮಿಲ್ ಉಳಿಯಲಿಲ್ಲ. ಲಕ್ಷ್ಮೀ-ವಿಷ್ಣು ಉಳಿಯಲಿಲ್ಲ, ನರಸಿಂಗ ಗಿರಜಿ ಉಳಿಯಲಿಲ್ಲ. ಕೆಲವೊಮ್ಮೆ ನೂರು ಜನರನ್ನು ತೆಗೆಯದಿದ್ದರೆ ಸಾವಿರ ಜನರ ಕೆಲಸ ಹೋಗುತ್ತದೆ ಎಂಬ ಮಾತೂ ಸುಳ್ಳಲ್ಲ. ಆದರೆ ಅನಿವಾರ್ಯವಾಗಿತ್ತು ಎಂಬುದು ಕಾರಣವಾಗಬಹುದು, ಕರ್ತೃವಾಗಲಾರದು. ಅನಿವಾರ್ಯವೆಂದು ನಿರ್ಧರಿಸಿದವನೊಬ್ಬ ಇದ್ದೇ ಇರುತ್ತಾನೆ.

ಅಂಥವನನ್ನು ತೀರ ಹತ್ತಿರದಿಂದ ತೋರಿಸಿದ ಒಂದು ಫ್ರೆಂಚ್ ಚಿತ್ರವನ್ನು ಇಲ್ಲಿ ನೆನೆಯಬೇಕು. ಲೊರಾಂ ಕಾಂತೆ ನಿರ್ದೇಶಿಸಿದ 1999ರ ಆ ಚಿತ್ರದ ಹೆಸರಿನ ಅರ್ಥ ‘ಮಾನವ ಸಂಪನ್ಮೂಲ’. ಮೂವತ್ತು ವರ್ಷಗಳಿಂದ ತಂದೆ ಯಂತ್ರದ ಮುಂದೆ ದುಡಿಯುತ್ತಿರುವ ಕಾರ್ಖಾನೆಗೆ, ಓದಿ ಮುಂದೆ ಬಂದ ಮಗ ಆಡಳಿತದ ತರಬೇತಿಗೆ ಬರುತ್ತಾನೆ. ಕೆಲಸದ ಅವಧಿಯ ಬಗ್ಗೆ ಕಾರ್ಮಿಕರ ಅಭಿಪ್ರಾಯ ಕೇಳುವ ಪ್ರಶ್ನಾವಳಿಯನ್ನು ಅವನೇ ಉತ್ಸಾಹದಿಂದ ತಯಾರಿಸುತ್ತಾನೆ. ಹನ್ನೆರಡು ಜನರನ್ನು ತೆಗೆಯಲು ಅದು ಮುಸುಕಾಯಿತೆಂದು, ಆ ಪಟ್ಟಿಯಲ್ಲಿ ತನ್ನ ತಂದೆಯ ಹೆಸರೂ ಇದೆಯೆಂದು ಅವನಿಗೆ ಆಮೇಲೆ ತಿಳಿಯುತ್ತದೆ. ಇಲ್ಲಿ ಯಾರೂ ತೀರ್ಥಯಾತ್ರೆಗೆ ಹೋಗಿಲ್ಲ; ಕರ್ತೃ ಮತ್ತು ಕರ್ಮ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ. ನಮ್ಮ ಕಾಲೇಜಿನಿಂದ ಹೊರಟು ಪುಣೆ, ಬೆಂಗಳೂರುಗಳ ಕಚೇರಿಗಳಲ್ಲಿ ಇದೇ ಹೆಸರಿನ ವಿಭಾಗಗಳಿಗೆ ಸೇರುವವರು ನಿಮ್ಮಲ್ಲಿದ್ದಾರೆ. ನೀವು ಒಮ್ಮೆಯಾದರೂ ಆ ಚಿತ್ರವನ್ನು ನೋಡಬೇಕು.

ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಇಂಥದೊಂದು ಪತ್ರವನ್ನು ನಾನೂ ಬರೆದಿದ್ದೇನೆ. ಬಹಳ ಹಿಂದೆ, ಬೇರೊಂದು ಸಂಸ್ಥೆಯಲ್ಲಿದ್ದಾಗ, ವಿದ್ಯಾರ್ಥಿಗಳ ಸಂಖ್ಯೆ ಇಳಿದು ಒಂದು ತುಕಡಿ ಕಡಿಮೆಯಾಯಿತು. ತಾಸಿನ ಲೆಕ್ಕದ ಮೇಲೆ ದುಡಿಯುತ್ತಿದ್ದ ಇಬ್ಬರು ತರುಣ ಅಧ್ಯಾಪಕರನ್ನು ತೆಗೆಯಬೇಕೆಂದು ನಿಶ್ಚಯವಾಯಿತು. ಆ ಸಭೆಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ. “ನಿಮ್ಮ ಮರಾಠಿ ಚಲೋ ಅದ, ಪತ್ರ ನೀವೇ ಬರೀರಿ” ಎಂದರು. ಬರೆದೆ. ‘ಸೇವಾಮುಕ್ತ ಕರಣ್ಯಾತ ಯೇತ ಆಹೇ’ ಎಂಬುದು ಅದರ ಮುಖ್ಯ ವಾಕ್ಯ. ಕನ್ನಡದಲ್ಲಾದರೆ ‘ಸೇವೆಯಿಂದ ಮುಕ್ತಗೊಳಿಸಲಾಗುತ್ತಿದೆ’. ಎರಡು ಭಾಷೆಗಳೂ ಕಚೇರಿಯ ಕುರ್ಚಿಯಲ್ಲಿ ಕುಳಿತಾಗ ಒಂದೇ ತಂತ್ರವನ್ನು ಕಲಿತಿವೆ: ಮಾಡುವವನಿಲ್ಲದೆ ಮಾಡುವುದು. ‘ಮುಕ್ತ’ ಎಂಬ ಶಬ್ದವನ್ನಂತೂ ನೋಡಿರಿ! ಮೋಕ್ಷಕ್ಕೆ ಬಳಸುವ ಮಾತು.

ಕೆಲವು ತಿಂಗಳ ಮೇಲೆ ಆ ಇಬ್ಬರಲ್ಲೊಬ್ಬ ಬಸ್ ನಿಲ್ದಾಣದಲ್ಲಿ ಎದುರಾದ. ನಮಸ್ಕರಿಸಿದ, ಕುಶಲ ಕೇಳಿದ. “ಸರ್, ಆ ಪತ್ರ ಯಾರು ಬರೆದರು? ಮರಾಠಿ ಬಹಳ ಶುದ್ಧವಾಗಿತ್ತು” ಎಂದ. ವ್ಯಂಗ್ಯವಿರಲಿಲ್ಲ, ಅವನು ಭಾಷೆಯ ಅಧ್ಯಾಪಕ, ನಿಜವಾಗಿಯೇ ಮೆಚ್ಚಿಕೊಂಡಿದ್ದ. “ಆಫೀಸಿನಿಂದ ಬಂದದ್ದು” ಎಂದೆ. ಮತ್ತೆ ಕರ್ತೃವಿಲ್ಲದ ವಾಕ್ಯ. ಬಸ್ಸು ಬಂತು, ಹತ್ತಿದೆ.

ಹಾಗಾದರೆ ಕೊಯ್ಯುವವರು ಏನಾದರು? ಚಿತ್ರ ಹೇಳುವುದಿಲ್ಲ, ಏಕೆಂದರೆ ಅವರನ್ನು ತೆಗೆದವನು ಯಾರೆಂಬುದನ್ನು ಅದು ಕೊನೆಯವರೆಗೂ ಗಟ್ಟಿಯಾಗಿ ಹೇಳಲಿಲ್ಲ. ತೆಗೆದವನಿಲ್ಲದೆ ತೆಗೆಯಲ್ಪಟ್ಟವನ ಕಥೆ ಮುಂದುವರಿಯಲಾರದು. ನನ್ನ ಮಾವನ ಕಥೆ ಮುಂದುವರಿದದ್ದು ಅತ್ತೆಯ ಆ ಒಂದು ಕ್ರಿಯಾಪದದಿಂದ. ಅವರು ಕುರನೂರಿನಲ್ಲಿಯೇ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡಿದರು. ಗಿರಣಿಯ ಭೋಂಗಾದ ಹೊತ್ತಿಗೆ ಏಳುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇನ್ನು ನಿಮಗೊಂದು ಅಭ್ಯಾಸ. ಈಚೆಗೆ ನಾನು ಆ ಹಳೆಯ ಪತ್ರವನ್ನು ‘ನಾವು’ ಎಂಬ ಕರ್ತೃಪದದಿಂದ ಆರಂಭಿಸಿ ಮತ್ತೆ ಬರೆಯಲು ಪ್ರಯತ್ನಿಸಿದೆ. ‘ನಾವು ನಿಮ್ಮನ್ನು ಕೆಲಸದಿಂದ ತೆಗೆಯುತ್ತಿದ್ದೇವೆ’ ಎಂದು ಬರೆದೊಡನೆ ‘ಏಕೆಂದರೆ’ ಎಂಬ ಇನ್ನೊಂದು ವಾಕ್ಯ ಬೇಕಾಯಿತು. ಕಾರಣ ಬರೆದ ಮೇಲೆ, ತಪ್ಪಿಸಲು ನಾವೇನು ಮಾಡಿದೆವು ಎಂಬುದನ್ನು ಬರೆಯಬೇಕಾಯಿತು. ಅಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಮೂರು ಸಾಲಿನ ಪತ್ರ ಒಂದೂವರೆ ಪುಟವಾಯಿತು, ಇನ್ನೂ ಮುಗಿದಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಗಿರಣಿ, ಕಾರ್ಖಾನೆ, ಅಂಗಡಿಗಳ ಕೆಲಸ ಕಳೆದುಕೊಂಡವರಿದ್ದರೆ ಅವರ ಬಳಿ ಕುಳಿತು, ಅವರು ಯಾವ ಕ್ರಿಯಾಪದವನ್ನು ಬಳಸುತ್ತಾರೆಂದು ಮೊದಲು ಕೇಳಿಸಿಕೊಳ್ಳಿರಿ. ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ, ತಿದ್ದಬೇಡಿರಿ. ಅವರಿಗೆ ಬಂದ ಪತ್ರ ಸಿಕ್ಕರೆ, ಮರಾಠಿಯಲ್ಲಿರಲಿ ಕನ್ನಡದಲ್ಲಿರಲಿ, ಅದನ್ನು ಕರ್ತೃಪದದೊಡನೆ ಮತ್ತೆ ಬರೆದು ದೀಪಾವಳಿ ರಜೆಯೊಳಗೆ ವಿಭಾಗಕ್ಕೆ ತಂದುಕೊಡಿರಿ. ಪುಟಗಳ ಮಿತಿ ಇಲ್ಲ.